ಗಾಳಿ ಬಂದಾಗ ತೂರಿಕೊಳ್ಳಬೇಕೆ?

2006ರ ಅಕ್ಟೋಬರ್ 22ರ ಭಾನುವಾರ ಅಮೆರಿಕದ ಎನ್‌ಬಿಸಿ ವಾಹಿನಿಯ ‘ಮೀಟ್ ದ ಪ್ರೆಸ್’ ಕಾರ್ಯಕ್ರಮದಲ್ಲಿ ಟಿಮ್ ರಸರ್ಟ್ ಎದುರು ಬರಾಕ್ ಒಬಾಮ ಕೂತಿದ್ದರು. ಅದೇ ವರ್ಷದ ಜನವರಿಯಲ್ಲಿ ಇದೇ ಕಾರ್ಯಕ್ರಮಕ್ಕೆ ಬಂದಾಗ, ಸೆನೆಟ್‌ನ ಆರು ವರ್ಷದ ಅವಧಿಯನ್ನು ಪೂರ್ತಿ ಮುಗಿಸುತ್ತೇನೆ, 2008ರ ಅಧ್ಯಕ್ಷ ಚುನಾವಣೆಗೆ ನಿಲ್ಲುವುದಿಲ್ಲ ಎಂದು ಹೇಳಿ ಹೋಗಿದ್ದರು. ರಸರ್ಟ್ ಆ ಮಾತನ್ನು ನೆನಪಿಸಿದರು. ನಿಲ್ಲುವ ಯೋಚನೆ ಇದೆ ಅನ್ನಬಹುದೇ ಎಂದು ಕೇಳಿದ್ದಕ್ಕೆ ಈ ಸಲ ಒಬಾಮ ಹೌದು, ಅನ್ನಬಹುದು ಎಂದರು. ನಡುವೆ ಬದಲಾದದ್ದೇನು? ಅವರ ಅನುಭವಕ್ಕೆ ಒಂಬತ್ತು ತಿಂಗಳು ಸೇರಿತ್ತು, ಅಷ್ಟೆ. ಬೆಳೆದಿದ್ದು ಜನಪ್ರಿಯತೆ. ಹೋದಲ್ಲೆಲ್ಲ ಜನ ಮುತ್ತಿಕೊಳ್ಳುತ್ತಿದ್ದರು. ಆ ವಾರವಷ್ಟೇ ಬಿಡುಗಡೆಯಾಗಿದ್ದ ಅವರ ಎರಡನೆಯ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಲು ಸಾಲು ನಿಲ್ಲುತ್ತಿದ್ದರು.

ಬೇಡ ಎನ್ನುವವರ ವಾದದಲ್ಲಿ ಹುರುಳಿತ್ತು. ಒಬಾಮರಿಗೆ ಆಗ 45 ವರ್ಷ. ಸೆನೆಟ್‌ಗೆ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಅದಕ್ಕೂ ಮೊದಲು ಇಲಿನಾಯ್ ರಾಜ್ಯದ ಶಾಸನಸಭೆಯಲ್ಲಿ ಎಂಟು ವರ್ಷದ ಹತ್ತಿರ ಇದ್ದವರು. ಗವರ್ನರ್ ಆಗಿರಲಿಲ್ಲ, ಮಂತ್ರಿಯಾಗಿರಲಿಲ್ಲ, ಒಂದು ಊರಿನ ಮೇಯರ್ ಕೂಡ ಆಗಿರಲಿಲ್ಲ. 2000ದಲ್ಲಿ ಕಾಂಗ್ರೆಸ್ಸಿಗೆ ಹೋಗಲು ಹೊರಟು, ತಮ್ಮದೇ ಪಕ್ಷದ ಬಾಬಿ ರಶ್ ಎದುರು ಎರಡಕ್ಕೊಂದರ ಲೆಕ್ಕದಲ್ಲಿ ಸೋತಿದ್ದರು. 2004ರಲ್ಲಿ ಶೇ 70ರಷ್ಟು ಮತ ಪಡೆದು ಸೆನೆಟ್‌ಗೆ ಗೆದ್ದರು, ನಿಜ. ಆದರೆ ಅದು ಎದುರಾಳಿ ಜ್ಯಾಕ್ ರಯನ್ ತಮ್ಮ ವಿಚ್ಛೇದನದ ದಾಖಲೆಗಳು ಹೊರಬಿದ್ದು ಕಣದಿಂದ ಸರಿದ ಮೇಲೆ, ರಿಪಬ್ಲಿಕನ್ನರು ಮೇರಿಲ್ಯಾಂಡ್‌ನಿಂದ ಆಲನ್ ಕೀಸ್ ಎಂಬವರನ್ನು ಕರೆತಂದು ನಿಲ್ಲಿಸಿದ ಚುನಾವಣೆ. ದೇಶಕ್ಕೆ ಒಬಾಮರ ಪರಿಚಯವಾಗಿದ್ದು 2004ರ ಜುಲೈ 27ರಂದು ಬಾಸ್ಟನ್‌ನ ಪಕ್ಷದ ಸಮಾವೇಶದಲ್ಲಿ ಮಾಡಿದ, ಇಪ್ಪತ್ತು ನಿಮಿಷವೂ ಹಿಡಿಯದ ಭಾಷಣದಿಂದ. ಇರಾಕಿನಲ್ಲೂ ಅಫ್ಗಾನಿಸ್ತಾನದಲ್ಲೂ ಯುದ್ಧ ನಡೆಯುತ್ತಿರುವಾಗ ಒಂದು ಭಾಷಣದ ಬಲದ ಮೇಲೆ ಸೇನಾ ಮಹಾದಂಡನಾಯಕನ ಹುದ್ದೆ ಕೇಳುವುದೆಂದರೆ? ಸ್ವಲ್ಪ ತಡಿ, ಮಾಗು, ಆಮೇಲೆ ಬಾ ಎಂದವರನ್ನು ಹೊಟ್ಟೆಕಿಚ್ಚಿನವರು ಎಂದು ತಳ್ಳಿಹಾಕುವಂತಿರಲಿಲ್ಲ.

ಇತ್ತ, ನಿಲ್ಲು ಎಂದವರೂ ಬರೀ ಅಭಿಮಾನಿಗಳಲ್ಲ. ಸೆನೆಟ್‌ನಲ್ಲಿ ಡೆಮಾಕ್ರಟರ ನಾಯಕರಾಗಿದ್ದ ಹ್ಯಾರಿ ರೀಡ್ ಒಬಾಮರನ್ನು ತಮ್ಮ ಕೋಣೆಗೆ ಕರೆಸಿಕೊಂಡು ಹುರಿದುಂಬಿಸಿದ್ದು ಆಮೇಲೆ ಹೊರಬಂತು. ರೀಡ್‌ಗೂ ಮೊದಲು ಆ ಸ್ಥಾನದಲ್ಲಿದ್ದ ಟಾಮ್ ಡ್ಯಾಶಲ್ ಅವರದು ಇನ್ನೂ ನೇರವಾದ ಸಲಹೆ: ವಾಷಿಂಗ್ಟನ್‌ನಲ್ಲಿ ಹೆಚ್ಚು ದಿನ ಕಳೆದಷ್ಟೂ ನಿನ್ನ ಹೆಗಲಿನ ಭಾರ ಹೆಚ್ಚುತ್ತದೆ, ಈ ಅವಕಾಶ ಮತ್ತೆ ಬರುತ್ತದೆಂದು ನೆಚ್ಚಿಕೊಳ್ಳಬೇಡ. ಇದು ಸ್ವತಃ ಕೈ ಸುಟ್ಟುಕೊಂಡವರ ಮಾತು. 2004ರ ಅಧ್ಯಕ್ಷ ಚುನಾವಣೆಗೆ ನಿಲ್ಲುವ ಯೋಚನೆ ಮಾಡಿ, 2003ರ ಜನವರಿಯಲ್ಲಿ ಬೇಡವೆಂದು ಸೆನೆಟ್‌ನಲ್ಲೇ ಉಳಿದವರು ಡ್ಯಾಶಲ್. ಮರುವರ್ಷ ಸೌತ್ ಡಕೋಟಾದ ಮತದಾರರು ಅವರನ್ನು ಸೆನೆಟ್‌ನಿಂದಲೂ ಮನೆಗೆ ಕಳಿಸಿದರು.

ಗಾಳಿ ಬಂದಾಗ ತೂರಿಕೋ ಎಂಬ ನಮ್ಮ ಗಾದೆಯನ್ನು ಸಾಮಾನ್ಯವಾಗಿ ಅವಕಾಶವಾದಿಗಳನ್ನು ಸಮರ್ಥಿಸಲೋ ಹಂಗಿಸಲೋ ಬಳಸುತ್ತೇವೆ. ಕಣದಲ್ಲಿ ನಿಂತು ತೂರಿದವರಿಗೆ ಅದರ ಇನ್ನೊಂದು ಮುಖ ಗೊತ್ತಿರುತ್ತದೆ. ಮೊರದಲ್ಲಿರುವವರೆಗೆ ಕಾಳು, ಹೊಟ್ಟು ಎರಡೂ ಒಂದೇ ರಾಶಿ. ಬೇರೆಯಾಗುವುದು ತೂರಿದ ಮೇಲೆಯೇ. ಜನಪ್ರಿಯನಾದ, ಆದರೆ ಪಳಗದ ರಾಜಕಾರಣಿ ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಬಹುದೇ ಎಂಬ ಚರ್ಚೆಯಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿರುತ್ತವೆ. ಅವನು ನಿಲ್ಲಬೇಕೆ ಎಂಬುದು ಒಂದು. ಅವನನ್ನು ಗೆಲ್ಲಿಸಬೇಕೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಹೆಚ್ಚುಕಡಿಮೆ ಯಾವಾಗಲೂ ಹೌದು. ಎರಡನೆಯದನ್ನು ಹೇಳಬೇಕಾದವರು ಮತದಾರರು, ಅದೂ ಅವನು ನಿಂತ ಮೇಲೆ. ‘ಇನ್ನೂ ಸಮಯವಾಗಿಲ್ಲ’ ಎನ್ನುವ ಹಿರಿಯರು ಎರಡನೆಯ ಪ್ರಶ್ನೆಯ ಉತ್ತರವನ್ನು ಮೊದಲನೆಯದಕ್ಕೆ ಕೊಟ್ಟು, ಮತದಾರರ ಕೆಲಸವನ್ನು ತಾವೇ ಮುಗಿಸಿಬಿಡುತ್ತಾರೆ.

ಅಮೆರಿಕದ ಸಂವಿಧಾನವಂತೂ ಅನುಭವ ಕೇಳುವುದಿಲ್ಲ. 35 ವರ್ಷ ತುಂಬಿರಬೇಕು, ಹುಟ್ಟಿನಿಂದ ಪ್ರಜೆಯಾಗಿರಬೇಕು, 14 ವರ್ಷ ದೇಶದಲ್ಲಿ ನೆಲೆಸಿರಬೇಕು. ಇಷ್ಟೇ. ಬರೆದವರು ಮೈಮರೆತು ಬಿಟ್ಟದ್ದೇನೂ ಅಲ್ಲ. ಅಲೆಕ್ಸಾಂಡರ್ ಹ್ಯಾಮಿಲ್ಟನ್ ‘ಫೆಡರಲಿಸ್ಟ್’ ಸರಣಿಯ 68ನೆಯ ಲೇಖನದಲ್ಲಿ, ಅಗ್ಗದ ಜನಪ್ರಿಯತೆಯ ಕಸುಬು ಬಲ್ಲವರನ್ನು ಅಧ್ಯಕ್ಷರನ್ನು ಆರಿಸುವ ಮತದಾರ ಮಂಡಲಿ ತಡೆಯುತ್ತದೆ ಎಂಬ ಭರವಸೆ ಇಟ್ಟಿದ್ದರು. ಮಂಡಲಿ ಬಹುಬೇಗ ಬರೀ ಲೆಕ್ಕದ ಯಂತ್ರವಾಯಿತು. ಆ ಜರಡಿಯ ಕೆಲಸವನ್ನು ಪಕ್ಷಗಳ ಮುಖಂಡರು ವಹಿಸಿಕೊಂಡರು. ಮುಚ್ಚಿದ ಬಾಗಿಲ ಹಿಂದೆ ಕೂತು, ಇವನನ್ನು ನಾವು ಬಲ್ಲೆವು, ಇವನೊಂದಿಗೆ ಕೆಲಸ ಮಾಡಿದ್ದೇವೆ ಎಂದು ತೀರ್ಮಾನಿಸುತ್ತಿದ್ದರು. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ ಇಳಿಯದೆ ಡೆಮಾಕ್ರಟರ ಅಭ್ಯರ್ಥಿಯಾದಾಗ ಸಮಾವೇಶ ನಡೆದ ಷಿಕಾಗೋ ಬೀದಿಗಳಲ್ಲಿ ಲಾಠಿ ಬೀಸಾಡಿತು. ಪಕ್ಷ ನಿಯಮ ಬದಲಿಸಿತು. ಅಲ್ಲಿಂದೀಚೆಗೆ ಅಭ್ಯರ್ಥಿಯನ್ನು ಆರಿಸುವುದು ಪ್ರೈಮರಿಯ ಮತದಾರರು. ಹಳೆಯ ಪದ್ಧತಿಯಲ್ಲಿ ಜೊತೆಗೆ ದುಡಿದವರ ಸಾಕ್ಷ್ಯಕ್ಕೆ ಬೆಲೆಯಿತ್ತು ಎಂಬುದು ಸುಳ್ಳಲ್ಲ. ಅದು ಹೋಯಿತೆಂದು ಕೊರಗುವವರೂ ಇದ್ದಾರೆ. ಅದೇ ಪದ್ಧತಿ ಹಗರಣಗಳಿಗೆ ಹೆಸರಾದ ಅಧ್ಯಕ್ಷ ವಾರೆನ್ ಹಾರ್ಡಿಂಗ್ ಅವರನ್ನೂ ಕೊಟ್ಟಿತ್ತು ಎಂದು ಅವರಿಗೆ ನೆನಪಿಸಬೇಕಾಗುತ್ತದೆ.

ನಮ್ಮ ಸಂಸದೀಯ ಪದ್ಧತಿಗೆ ಒಗ್ಗಿದವರು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಪ್ರಧಾನಿ ಸದನದ ವಿಶ್ವಾಸ ಕಳೆದುಕೊಂಡರೆ ಮರುದಿನ ಮಾಜಿ. ಅಮೆರಿಕದ ಅಧ್ಯಕ್ಷನನ್ನು ಅಸಮರ್ಥನೆಂಬ ಕಾರಣಕ್ಕೆ ನಾಲ್ಕು ವರ್ಷ ಅಲುಗಾಡಿಸುವಂತಿಲ್ಲ. ಮಹಾಭಿಯೋಗ ಅಪರಾಧಕ್ಕೆ, ಕೈಲಾಗದತನಕ್ಕಲ್ಲ. ಆದ್ದರಿಂದ ಪರೀಕ್ಷೆ ಏನಿದ್ದರೂ ಮೊದಲೇ ಆಗಬೇಕು, ಗಟ್ಟಿಯಾಗಿಯೇ ಆಗಬೇಕು.

ವರ್ಷಗಳನ್ನು ಎಣಿಸಿ ಅನುಭವ ಅಳೆಯುವವರಿಗೆ ಎದುರಾಗಿ ಎಲ್ಲರೂ ಲಿಂಕನ್ ಹೆಸರನ್ನು ಎತ್ತುತ್ತಾರೆ. ಒಬಾಮ ಕೂಡ ಬೇಕೆಂದೇ 2007ರ ಫೆಬ್ರುವರಿ 10ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ, 1858ರಲ್ಲಿ ಲಿಂಕನ್ ಭಾಷಣ ಮಾಡಿದ ಹಳೆಯ ಶಾಸನಭವನದ ಮುಂದೆಯೇ ನಿಂತು ಸ್ಪರ್ಧೆ ಘೋಷಿಸಿದರು. ಲಿಂಕನ್ ಕಾಂಗ್ರೆಸ್ಸಿನಲ್ಲಿದ್ದದ್ದು ಒಂದೇ ಅವಧಿ. ಅವರಿಗಿಂತ ಮೊದಲಿದ್ದ ಜೇಮ್ಸ್ ಬ್ಯುಕನನ್ ಸಂಸದ, ಸೆನೆಟರ್, ರಷ್ಯಾ ಮತ್ತು ಬ್ರಿಟನ್ನಿಗೆ ರಾಯಭಾರಿ, ವಿದೇಶಾಂಗ ಮಂತ್ರಿ ಎಲ್ಲವೂ ಆಗಿದ್ದವರು. ದೇಶ ಒಡೆಯುತ್ತಿದ್ದಾಗ ಕೈಕಟ್ಟಿ ಕೂತರು. ಹೋಲಿಕೆ ಚೆನ್ನಾಗಿದೆ, ಆದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಪಳಗದೆ ಬಂದವರೆಲ್ಲ ಲಿಂಕನ್ ಆಗಲಿಲ್ಲ, ಪಳಗಿದವರೆಲ್ಲ ಬ್ಯುಕನನ್ ಆಗಲಿಲ್ಲ. ಈ ಜೋಡಿಯನ್ನು ವಾದಕ್ಕೆ ತರುವುದನ್ನು ನಾವು ಬಿಟ್ಟರೆ ಒಳ್ಳೆಯದು.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಒಬಾಮ ಕಾದಿದ್ದರೆ ಏನು ಕಲಿಯುತ್ತಿದ್ದರು? 2010ರವರೆಗೆ ಸೆನೆಟ್‌ನಲ್ಲೇ ಇರುತ್ತಿದ್ದರು. ಸೆನೆಟರ್‌ನ ದಿನಚರಿ ಸಮಿತಿಯಲ್ಲಿ ಕೂರುವುದು, ಸಾಕ್ಷಿಗಳನ್ನು ಪ್ರಶ್ನಿಸುವುದು, ತಿದ್ದುಪಡಿ ಮಂಡಿಸುವುದು, ಮತ ಹಾಕುವುದು. ನೂರು ಜನರಲ್ಲಿ ಒಬ್ಬ. ತಪ್ಪಾದರೆ ಹೊಣೆ ನೂರು ಪಾಲಾಗುತ್ತದೆ. ಒಂದು ಇಲಾಖೆಯನ್ನು ನಡೆಸುವುದಾಗಲಿ, ಒಬ್ಬ ಅಧಿಕಾರಿಯನ್ನು ತೆಗೆದುಹಾಕುವುದಾಗಲಿ ಅಲ್ಲಿ ಕಲಿಯಲು ಸಿಗುವುದಿಲ್ಲ. ಗವರ್ನರ್ ಆಗಲು ಹೋಗಿದ್ದರೆ ಮಾತು ಬೇರೆ. ಸ್ವಲ್ಪ ತಡಿ ಎಂದ ಹಿರಿಯರು ಅದನ್ನು ಹೇಳುತ್ತಿರಲಿಲ್ಲ. ಇದ್ದಲ್ಲೇ ಇರು, ತಲೆ ನರೆಯಲಿ ಎಂಬುದೇ ಅವರ ಮಾತಿನ ಸಾರ.

ಸೆನೆಟ್‌ನಲ್ಲಿ ಗ್ಯಾರಂಟಿಯಾಗಿ ಕೂಡುವುದು ವಿವರಣೆ ಕೊಡಬೇಕಾದ ಮತಗಳು. 2004ರಲ್ಲಿ ಡೆಮಾಕ್ರಟರ ಅಧ್ಯಕ್ಷ ಅಭ್ಯರ್ಥಿ, ಸೆನೆಟರ್ ಜಾನ್ ಕೆರಿ 87 ಶತಕೋಟಿ ಡಾಲರಿನ ಯುದ್ಧವೆಚ್ಚದ ಮಸೂದೆಯ ಬಗ್ಗೆ, ವಿರೋಧವಾಗಿ ಮತ ಹಾಕುವ ಮೊದಲು ಪರವಾಗಿ ಹಾಕಿದ್ದೆ ಎಂದು ಬಾಯಿಬಿಟ್ಟು ನಗೆಪಾಟಲಾದರು. ಸೆನೆಟ್‌ನ ಒಳಗಿನವರಿಗೆ ಅದು ಅರ್ಥವಾಗುವ ಮಾತೇ. ಒಂದು ಮಸೂದೆಗೆ ಎರಡು ರೂಪವಿದ್ದವು. ಹೊರಗಿನವರಿಗೆ ಅದು ಎರಡು ನಾಲಿಗೆ. ಅಮೆರಿಕದ ಇತಿಹಾಸದಲ್ಲಿ ಸೆನೆಟ್‌ನಿಂದ ನೇರವಾಗಿ ಅಧ್ಯಕ್ಷರಾದವರು ಹಾರ್ಡಿಂಗ್, ಜಾನ್ ಕೆನಡಿ, ಒಬಾಮ, ಈ ಮೂವರೇ. ಡ್ಯಾಶಲ್ ಸಲಹೆಯ ಹಿಂದೆ ಇದ್ದದ್ದೂ ಈ ಲೆಕ್ಕವೇ. ಆದರೆ ಅದು ಗೆಲ್ಲುವ ಲೆಕ್ಕ, ಆಳುವುದಕ್ಕೆ ಸಂಬಂಧವಿಲ್ಲದ್ದು. ದಾಖಲೆ ಇಲ್ಲದಿರುವುದೇ ಅರ್ಹತೆ ಎಂಬಲ್ಲಿಗೆ ಅದನ್ನು ಎಳೆದರೆ ನನಗೆ ಒಪ್ಪಿಗೆಯಿಲ್ಲ.

ಅಷ್ಟಕ್ಕೂ ಒಬಾಮರ ದಾಖಲೆ ಖಾಲಿಯೇನೂ ಇರಲಿಲ್ಲ. ಎಣಿಸುವವರು ವಾಷಿಂಗ್ಟನ್ ಬಿಟ್ಟು ಬೇರೆಡೆ ನೋಡಲಿಲ್ಲ. ಇಲಿನಾಯ್‌ನಲ್ಲಿ ಮರಣದಂಡನೆಗೆ ಗುರಿಯಾಗಿದ್ದ 13 ಮಂದಿ ನಿರಪರಾಧಿಗಳೆಂದು ಬಿಡುಗಡೆಯಾಗಿ, 2000ದ ಜನವರಿಯಲ್ಲಿ ಗವರ್ನರ್ ಜಾರ್ಜ್ ರಯನ್ ಗಲ್ಲುಶಿಕ್ಷೆಗಳನ್ನು ತಡೆಹಿಡಿದಿದ್ದರು. ಹೊಡೆದು ಬಡಿದು ಬರೆಸಿಕೊಂಡ ತಪ್ಪೊಪ್ಪಿಗೆಗಳೇ ಹಲವು ಪ್ರಕರಣಗಳ ಬೇರು. ಕೊಲೆ ಪ್ರಕರಣಗಳಲ್ಲಿ ಪೊಲೀಸ್ ವಿಚಾರಣೆಯನ್ನು ಪೂರ್ತಿ ರೆಕಾರ್ಡ್ ಮಾಡಬೇಕೆಂಬ ಮಸೂದೆಯನ್ನು ಒಬಾಮ ಕೈಗೆತ್ತಿಕೊಂಡರು. ಪೊಲೀಸರು ಬೇಡವೆಂದರು. ಸರ್ಕಾರಿ ವಕೀಲರಿಗೂ ಮನಸ್ಸಿರಲಿಲ್ಲ. ಇತ್ತ ಗಲ್ಲುಶಿಕ್ಷೆಯೇ ಹೋಗಬೇಕು ಎನ್ನುವವರಿಗೆ ಇದು ತೇಪೆ ಹಚ್ಚುವ ಕೆಲಸವಾಗಿ ಕಂಡಿತು. ಎಲ್ಲರನ್ನೂ ಒಂದೇ ಮೇಜಿಗೆ ಕರೆದು, ಯಾವ ಅಂಶಕ್ಕೆ ಯಾರ ತಕರಾರು ಎಂದು ಬಿಡಿಬಿಡಿಯಾಗಿ ಕೇಳಿ, ರೆಕಾರ್ಡಿಂಗ್ ಇದ್ದರೆ ಪ್ರಾಮಾಣಿಕ ಪೊಲೀಸರಿಗೂ ರಕ್ಷಣೆ ಎಂದು ಮನವರಿಕೆ ಮಾಡಿ ಮಸೂದೆಯನ್ನು ದಾಟಿಸಿದರು. ರಾಜ್ಯದ ಸೆನೆಟ್ ಅದನ್ನು ಸರ್ವಾನುಮತದಿಂದ ಒಪ್ಪಿತು. 2003ರಲ್ಲಿ ಶಾಸನದ ಮೂಲಕ ಇಂಥ ನಿಯಮ ತಂದ ಮೊದಲ ರಾಜ್ಯ ಇಲಿನಾಯ್. ಇದು ಅನುಭವವಲ್ಲವೇ? ವಾಷಿಂಗ್ಟನ್‌ನ ಟಿವಿ ಚರ್ಚೆಗಳಲ್ಲಿ ಇದಕ್ಕೆ ಅಂಕ ಸಿಗಲಿಲ್ಲ.

ಹಾಗೆಂದು ಅನುಭವದ ಕೊರತೆ ಬರೀ ಎದುರಾಳಿಗಳು ಕಟ್ಟಿದ ಕತೆ ಎಂದು ನಾನು ಹೇಳಹೊರಟಿಲ್ಲ. ಕೊರತೆ ನಿಜ. ಅದು ಎಲ್ಲಿ ಕಚ್ಚುತ್ತದೆ ಎಂಬುದನ್ನು ಮಾತ್ರ ನಾವು ತಪ್ಪಾಗಿ ಊಹಿಸುತ್ತೇವೆ. ಹೊಸಬನಿಗೆ ವಿಷಯ ಗೊತ್ತಿರುವುದಿಲ್ಲ ಎಂದುಕೊಳ್ಳುತ್ತೇವೆ. ವಿಷಯ ಹೇಳಿಕೊಡಲು ಶ್ವೇತಭವನದ ತುಂಬ ಜನರಿದ್ದಾರೆ. ಹೊಸಬನಿಗೆ ಬಾರದಿರುವುದು, ಹೇಳಿಕೊಡುವವರಿಗೆ ‘ಆಗುವುದಿಲ್ಲ’ ಎನ್ನುವುದು.

1961ರ ಜನವರಿ 20ರಂದು ಕೆನಡಿ ಅಧಿಕಾರಕ್ಕೆ ಬಂದಾಗ ಸಿಐಎ ಮೇಜಿನ ಮೇಲೆ ಸಿದ್ಧವಾದ ಯೋಜನೆಯೊಂದಿತ್ತು. ಐಸೆನ್‌ಹೋವರ್ ಕಾಲದಲ್ಲಿ ಶುರುವಾದದ್ದು: ದೇಶ ಬಿಟ್ಟು ಬಂದ ಕ್ಯೂಬನ್ನರಿಗೆ ತರಬೇತಿ ಕೊಟ್ಟು ಕ್ಯಾಸ್ಟ್ರೊ ಮೇಲೆ ಛೂಬಿಡುವುದು. ಸಿಐಎ ಮುಖ್ಯಸ್ಥ ಆಲನ್ ಡಲಸ್ ಆ ಕಸುಬಿನಲ್ಲಿ ದಂತಕತೆ. ಸೇನಾ ಮುಖ್ಯಸ್ಥರು ಸ್ಪಷ್ಟವಾಗಿ ಬೇಡವೆನ್ನಲಿಲ್ಲ. ಸಭೆಯಲ್ಲಿ ಬಾಯಿಬಿಟ್ಟು ವಿರೋಧಿಸಿದವರು ಹೊರಗಿನಿಂದ ಬಂದಿದ್ದ ಸೆನೆಟರ್ ವಿಲಿಯಂ ಫುಲ್‌ಬ್ರೈಟ್. ಕೆನಡಿ ಯೋಜನೆಯನ್ನು ತಡೆಯಲೂ ಇಲ್ಲ, ಪೂರ್ತಿ ಒಪ್ಪಲೂ ಇಲ್ಲ. ಇಳಿಯುವ ಜಾಗ ಬದಲಿಸಿದರು, ಎರಡನೆಯ ವಿಮಾನದಾಳಿ ರದ್ದು ಮಾಡಿದರು. ಏಪ್ರಿಲ್ 17ರಂದು ಬೇ ಆಫ್ ಪಿಗ್ಸ್‌ನಲ್ಲಿ ಇಳಿದ ಸುಮಾರು 1,400 ಮಂದಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು, ಸಾವಿರಕ್ಕೂ ಹೆಚ್ಚು ಮಂದಿ ಸೆರೆಯಾದರು. ಅಧಿಕಾರಕ್ಕೆ ಬಂದು ಮೂರು ತಿಂಗಳು ತುಂಬಿರಲಿಲ್ಲ.

ಕಾಂಗ್ರೆಸ್‌ನ ಎರಡೂ ಸದನಗಳಲ್ಲಿ ಒಟ್ಟು 14 ವರ್ಷ ಇದ್ದವರು ಕೆನಡಿ. ಯುದ್ಧ ಮಾಡಿದವರು. ಆ ವರ್ಷಗಳು ಅವರಿಗೆ ಡಲಸ್ ಎದುರು ತಲೆಯಾಡಿಸದಿರುವುದನ್ನು ಕಲಿಸಿರಲಿಲ್ಲ. ಬೇ ಆಫ್ ಪಿಗ್ಸ್ ಕಲಿಸಿತು. ಹದಿನೆಂಟು ತಿಂಗಳ ಬಳಿಕ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡಾಗ ಸೇನಾ ಮುಖ್ಯಸ್ಥರು ಒಂದೇ ದನಿಯಲ್ಲಿ ಬಾಂಬ್ ದಾಳಿ ಕೇಳಿದರು. ವಾಯುಪಡೆಯ ಕರ್ಟಿಸ್ ಲಮೇ ಅಂತೂ ಅಧ್ಯಕ್ಷರ ಮುಖಕ್ಕೇ, ದಾಳಿ ಮಾಡದಿರುವುದನ್ನು ಮ್ಯೂನಿಕ್ ಶರಣಾಗತಿಗೆ ಹೋಲಿಸಿದರು. ಕೆನಡಿ ಕೇಳಿಸಿಕೊಂಡು, ನೌಕಾ ದಿಗ್ಬಂಧನವನ್ನು ಆರಿಸಿಕೊಂಡರು. ಮೊದಲ ಪಾಠದ ಶುಲ್ಕ ಕಟ್ಟಿದವರು ಬೇ ಆಫ್ ಪಿಗ್ಸ್‌ನ ಮರಳಿನ ಮೇಲೆ ಸತ್ತವರು ಎಂಬುದನ್ನು ಮಾತ್ರ ಈ ಕತೆ ಹೇಳುವವರು ಬೇಗ ದಾಟಿಬಿಡುತ್ತಾರೆ.

ಒಬಾಮರಿಗೂ ಇಂಥದ್ದೊಂದು ಬಂತು. 2009ರಲ್ಲಿ ಅಫ್ಗಾನಿಸ್ತಾನಕ್ಕೆ ಇನ್ನಷ್ಟು ಸೈನ್ಯ ಬೇಕೆಂದು ಜನರಲ್ ಸ್ಟ್ಯಾನ್ಲಿ ಮೆಕ್‌ಕ್ರಿಸ್ಟಲ್ ಪಟ್ಟು ಹಿಡಿದರು. ಅವರ ಗುಪ್ತ ವರದಿ ಸೆಪ್ಟೆಂಬರಿನಲ್ಲಿ ಪತ್ರಿಕೆಗೆ ಸೋರಿತು. ಬೇಡವೆಂದರೆ ಎಳಸು ಅಧ್ಯಕ್ಷ ಸೇನೆಯ ಮಾತು ಕೇಳಲಿಲ್ಲ ಎಂಬ ಅಪವಾದ ಕಾದು ಕೂತಿತ್ತು. ಉಪಾಧ್ಯಕ್ಷ ಬೈಡನ್ ಬೇಡವೆಂದೇ ವಾದಿಸಿದರು. ತಿಂಗಳುಗಟ್ಟಲೆ ಚರ್ಚೆಯಾಗಿ ಡಿಸೆಂಬರ್ 1ರಂದು 30,000 ಸೈನಿಕರನ್ನು ಕಳಿಸುವ ಘೋಷಣೆ ಬಂತು. ಇದು ಹೊಸಬನ ಹಿಂಜರಿಕೆ ಎಂದೇ ನನ್ನ ಎಣಿಕೆ. 2011ರ ಏಪ್ರಿಲ್ ಕೊನೆಯಲ್ಲಿ ಒಸಾಮ ಬಿನ್ ಲಾದೆನ್ ಇರಬಹುದಾದ ಮನೆಯ ಮೇಲೆ ಕಮಾಂಡೊಗಳನ್ನು ಕಳಿಸುವ ಮಾತು ಬಂದಾಗ ಬೈಡನ್ ಕಾಯೋಣ ಎಂದರು, ರಕ್ಷಣಾ ಮಂತ್ರಿ ರಾಬರ್ಟ್ ಗೇಟ್ಸ್ ಕೂಡ ಮೊದಲು ಹಿಂದೇಟು ಹಾಕಿದರು. 1980ರಲ್ಲಿ ಇರಾನಿನ ಒತ್ತೆಯಾಳುಗಳನ್ನು ಬಿಡಿಸಲು ಹೋದ ಹೆಲಿಕಾಪ್ಟರುಗಳ ಗತಿ ಏನಾಯಿತೆಂದು ನೆನಪಿದ್ದವರು ಅವರು. ಅನುಭವ ಅಂಜಿಕೆಯನ್ನೂ ಕಲಿಸುತ್ತದೆ, ಕೆಲವೊಮ್ಮೆ ಅದು ಬೇಕಾಗುತ್ತದೆ ಕೂಡ. ಈ ಸಲ ಒಬಾಮ ಇಬ್ಬರ ಮಾತನ್ನೂ ಕೇಳಿ ಹೋಗಿ ಎಂದರು.

ಇದನ್ನೆಲ್ಲ ಮೊದಲೇ ಅಳೆಯುವುದು ಹೇಗೆ? ಪೂರ್ತಿ ಅಳೆಯಲಾಗದು. ಇರುವುದರಲ್ಲಿ ಹತ್ತಿರದ ಪರೀಕ್ಷೆ ಸ್ಪರ್ಧೆಯೇ. ಅಮೆರಿಕದ ಪ್ರೈಮರಿ ಗದ್ದಲದ್ದು, ಖರ್ಚಿನದು, ಅರ್ಧ ನಾಟಕ. ಆದರೆ ಅದು ಉದ್ದವಾದದ್ದು. ಅಷ್ಟು ಉದ್ದಕ್ಕೆ ಮುಖವಾಡ ನಿಲ್ಲುವುದಿಲ್ಲ. 1979ರಲ್ಲಿ ಜಾನ್ ಕೆನಡಿಯ ತಮ್ಮ ಎಡ್ವರ್ಡ್ ಕೆನಡಿಗಿಂತ ಜನಪ್ರಿಯ ಡೆಮಾಕ್ರಟ್ ಇರಲಿಲ್ಲ. ಸೆನೆಟ್‌ನಲ್ಲಿ 17 ವರ್ಷ ಕಳೆದಿದ್ದರು. 1968ರಿಂದಲೂ ನಿಲ್ಲಿ ನಿಲ್ಲಿ ಎಂಬ ಒತ್ತಾಯವಿತ್ತು. ಸಿಬಿಎಸ್‌ನ ರಾಜರ್ ಮಡ್ ಅವರನ್ನು ಕೇಳಿದ್ದು ಜಗತ್ತಿನಲ್ಲೇ ಸುಲಭವಾದ ಪ್ರಶ್ನೆ: ನೀವು ಯಾಕೆ ಅಧ್ಯಕ್ಷರಾಗಬೇಕು? ಕೆನಡಿ ತಡವರಿಸಿದರು. ದೇಶದ ಸಂಪನ್ಮೂಲ, ವಿದ್ಯಾವಂತ ಜನ ಎಂದು ಏನೇನೋ ಹೇಳುತ್ತ ವಾಕ್ಯದೊಳಗೇ ಕಳೆದುಹೋದರು. ಆ ತಡವರಿಕೆ ನವೆಂಬರ್ 4ರ ರಾತ್ರಿ ದೇಶದ ಎದುರು ಬಿತ್ತರವಾಯಿತು. ಕುರ್ಚಿ ತನ್ನದೇ ಎಂದುಕೊಂಡವರಿಗೆ ಕಾರಣ ಹುಡುಕಿಡಬೇಕೆಂದು ಹೊಳೆಯುವುದಿಲ್ಲ.

ಒಬಾಮರ ಬಳಿ ಒಂದು ಕಾರಣ ಇತ್ತು. 2002ರ ಅಕ್ಟೋಬರ್ 2ರಂದು ಷಿಕಾಗೋದ ಫೆಡರಲ್ ಪ್ಲಾಜಾದಲ್ಲಿ ಇರಾಕ್ ಯುದ್ಧ ಬೇಡವೆಂದು ಮಾತಾಡಿದ್ದರು. ಅದೇ ತಿಂಗಳು ಸೆನೆಟ್ 77–23 ಮತಗಳಿಂದ ಯುದ್ಧಕ್ಕೆ ಅಧಿಕಾರ ಕೊಟ್ಟಾಗ ಹಿಲರಿ ಕ್ಲಿಂಟನ್, ಬೈಡನ್, ಕೆರಿ, ಜಾನ್ ಎಡ್ವರ್ಡ್ಸ್ ಎಲ್ಲರೂ ಹೌದು ಎಂದವರು. ಉದಾರವಾದಿಗಳೇ ತುಂಬಿದ ಕ್ಷೇತ್ರದ ರಾಜ್ಯ ಸೆನೆಟರ್‌ಗೆ ಹಾಗೆ ಮಾತಾಡಲು ದೊಡ್ಡ ಧೈರ್ಯ ಬೇಕಿರಲಿಲ್ಲ ಎಂದು ಪ್ರೈಮರಿಯಲ್ಲಿ ಎದುರಾಳಿಯಾಗಿದ್ದ ಕ್ಲಿಂಟನ್ ಬಣ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧ ಮುಜುಗರದ್ದು: ಇಷ್ಟೆಲ್ಲ ಅನುಭವಸ್ಥರು ಒಟ್ಟಾಗಿ ಎಡವಿದ್ದರು. ಆ ಯುದ್ಧವನ್ನು ರೂಪಿಸಿದ ಡಿಕ್ ಚೇನಿ, ಡೊನಾಲ್ಡ್ ರಮ್ಸ್‌ಫೆಲ್ಡ್ ಜೋಡಿಗಿಂತ ಹೆಚ್ಚು ಸರ್ಕಾರ ಕಂಡವರು ವಾಷಿಂಗ್ಟನ್‌ನಲ್ಲಿ ವಿರಳ. ಇಬ್ಬರೂ ಹಿಂದೆಯೇ ರಕ್ಷಣಾ ಮಂತ್ರಿಗಳಾಗಿದ್ದವರು.

ಪ್ರಚಾರ ನಡೆಸಿದ ರೀತಿಯೂ ಒಂದು ಸಾಕ್ಷ್ಯ. 2008ರ ಫೆಬ್ರುವರಿ 5ರಂದು ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಒಂದೇ ದಿನ ಮತದಾನ. ಹತ್ತು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದ ನ್ಯೂ ಜೆರ್ಸಿಯಲ್ಲಿ ಕ್ಲಿಂಟನ್ ಗೆದ್ದು ಸಮಾವೇಶದ ಪ್ರತಿನಿಧಿಗಳ ಲೆಕ್ಕದಲ್ಲಿ 11ರ ಮುನ್ನಡೆ ಪಡೆದರು. ಇಪ್ಪತ್ತು ಸಾವಿರ ಚಿಲ್ಲರೆ ಜನ ಸಭೆ ಸೇರಿದ ಐಡಹೊದಲ್ಲಿ ಒಬಾಮ 12ರ ಮುನ್ನಡೆ ಪಡೆದರು. ಯಾರೂ ಲೆಕ್ಕಕ್ಕಿಡದ ಆ ರಾಜ್ಯಕ್ಕೆ ಅವರ ಜನ ಮೊದಲೇ ಹೋಗಿ ಕಚೇರಿ ತೆರೆದು ಕೂತಿದ್ದರು. ನಿಯಮಾವಳಿಯನ್ನು ಕೂತು ಓದಿದ್ದು ‘ಅನುಭವ ಇಲ್ಲದ’ ಕಡೆಯವರು. ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿದ ಮೇಲೆ, ಸೆನೆಟ್‌ನಲ್ಲಿ 21 ವರ್ಷ ಮುಗಿಸಿದ್ದ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಪ್ರಚಾರ ನಿಲ್ಲಿಸುತ್ತೇನೆ ಎಂದು ಘೋಷಿಸಿ ವಾಷಿಂಗ್ಟನ್ನಿಗೆ ಓಡಿದರು, ಅಲ್ಲಿ ಮಾಡಲು ಕೆಲಸವಿರಲಿಲ್ಲ. ಅಷ್ಟರಲ್ಲಾಗಲೇ ಅಲಾಸ್ಕದಲ್ಲಿ ಎರಡು ವರ್ಷವೂ ತುಂಬದ ಗವರ್ನರ್ ಸಾರಾ ಪೇಲಿನ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿಕೊಂಡು, ತಮ್ಮ ಅನುಭವದ ವಾದಕ್ಕೆ ತಾವೇ ಕೊಳ್ಳಿ ಇಟ್ಟಿದ್ದರು. ಒಬಾಮ ಆರಿಸಿಕೊಂಡದ್ದು 1973ರಿಂದ ಸೆನೆಟ್‌ನಲ್ಲಿದ್ದ ಬೈಡನ್ ಅವರನ್ನು. ಅಧ್ಯಕ್ಷ ಹುದ್ದೆ ಕೆಲಸ ಮಾಡುತ್ತ ಕಲಿಯುವಂಥದ್ದಲ್ಲ ಎಂದು ಇದೇ ಬೈಡನ್ ಹಿಂದಿನ ವರ್ಷ ಅವರನ್ನು ಕುಟುಕಿದ್ದರು. ಗೆದ್ದ ಮೇಲೆ ಬುಷ್ ಕಾಲದ ರಕ್ಷಣಾ ಮಂತ್ರಿ ಗೇಟ್ಸ್ ಅವರನ್ನೇ ಉಳಿಸಿಕೊಂಡರು. ತನ್ನಲ್ಲಿ ಏನಿಲ್ಲ ಎಂದು ಬಲ್ಲವನ ನಡೆ ಇದು.

ಆದರೂ ಆಳ್ವಿಕೆಯಲ್ಲಿ ಬೆಲೆ ತೆರಬೇಕಾಯಿತು. ಯಾವುದನ್ನು ಅನನುಭವದ ಖಾತೆಗೆ ಬರೆಯಬೇಕು ಎಂಬುದರಲ್ಲಿ ಎಚ್ಚರ ಬೇಕು. ಆರೋಗ್ಯ ವಿಮೆ ಕಾಯ್ದೆ 2010ರ ಮಾರ್ಚ್‌ನಲ್ಲಿ ಕೆಳಮನೆಯಲ್ಲಿ 219–212ರ ಅಂಚಿನಲ್ಲಿ ಪಾಸಾದಾಗ, ಲಿಂಡನ್ ಜಾನ್ಸನ್ ಆಗಿದ್ದರೆ ವಿರೋಧಿಗಳನ್ನೂ ಒಲಿಸಿಕೊಳ್ಳುತ್ತಿದ್ದರು ಎಂದು ಬಹಳ ಜನ ಬರೆದರು. 1965ರಲ್ಲಿ ಜಾನ್ಸನ್ ಹಿಂದೆ 68 ಡೆಮಾಕ್ರಟ್ ಸೆನೆಟರುಗಳಿದ್ದರು ಎಂಬುದನ್ನು ಬರೆಯಲಿಲ್ಲ. ಸೆನೆಟ್‌ನ ಆ ಮಹಾ ಪಂಡಿತ ವಿಯೆಟ್ನಾಂನಲ್ಲಿ ಏನು ಮಾಡಿದರೆಂಬುದನ್ನೂ. ನಿಜವಾಗಿ ನಾಚಿಕೆಗೇಡಾದದ್ದು ಆ ಕಾಯ್ದೆಯ ಜಾಲತಾಣ. 2013ರ ಅಕ್ಟೋಬರ್ 1ರಂದು ತೆರೆದ ಮೊದಲ ದಿನ ಅದರ ಮೂಲಕ ವಿಮೆಗೆ ಸೇರಿದವರು ಆರೇ ಆರು ಮಂದಿ. ಗುತ್ತಿಗೆ ಯಾರಿಗೆ, ಪರೀಕ್ಷೆ ಆಯಿತೇ, ಒಟ್ಟಾರೆ ಹೊಣೆ ಯಾರದು ಎಂದು ಗದರಿಸಿ ಕೇಳುವ ಆಡಳಿತಗಾರನ ಅಭ್ಯಾಸ ಅಲ್ಲಿ ಇರಲಿಲ್ಲ. ಆಗ ಒಬಾಮ ಅಧ್ಯಕ್ಷರಾಗಿ ಐದನೆಯ ವರ್ಷ. ಹುದ್ದೆಯಲ್ಲಿ ಕೂತ ಮಾತ್ರಕ್ಕೂ ಎಲ್ಲ ಅನುಭವ ಬರುವುದಿಲ್ಲ.

ಇಷ್ಟಾದ ಮೇಲೆ ಒಂದು ಆಕ್ಷೇಪ ಉಳಿಯುತ್ತದೆ. ಒಬಾಮರಿಗೆ ಬಾಗಿಲು ತೆರೆದದ್ದಕ್ಕೇ 2016ರಲ್ಲಿ ಯಾವ ಸರ್ಕಾರಿ ಹುದ್ದೆಯನ್ನೂ ಸೈನ್ಯವನ್ನೂ ಕಾಣದ ಡೊನಾಲ್ಡ್ ಟ್ರಂಪ್ ಒಳಬಂದರಲ್ಲವೇ? ಬಾಗಿಲು ಮೊದಲೇ ತೆರೆದಿತ್ತು. 1992ರಲ್ಲಿ ವ್ಯಾಪಾರಿ ರಾಸ್ ಪೆರೊ ಶೇ 19ರಷ್ಟು ಮತ ಪಡೆದಿದ್ದರು. 2016ರಲ್ಲಿ ಗವರ್ನರುಗಳೂ ಸೆನೆಟರುಗಳೂ ಸೇರಿ ರಿಪಬ್ಲಿಕನ್ ಕಣದಲ್ಲಿ 17 ಮಂದಿ ಇದ್ದರು. ಪರೀಕ್ಷೆ ನಡೆಯಿತು, ಆ ಮನುಷ್ಯ ಎಂಥವರೆಂಬುದೂ ಬಯಲಾಯಿತು, ಮತದಾರರು ಅದನ್ನು ಕಂಡೇ ಆರಿಸಿದರು. ಅದು ನನಗೆ ಹಿಡಿಸದ ಫಲಿತಾಂಶ. ಫಲಿತಾಂಶ ಹಿಡಿಸಲಿಲ್ಲವೆಂದು ಪರೀಕ್ಷೆಯನ್ನೇ ರದ್ದು ಮಾಡಿ ಎನ್ನಲು ಬರುವುದಿಲ್ಲ.

ಪರೀಕ್ಷೆ ರದ್ದಾದರೆ ಏನಾಗುತ್ತದೆ ಎಂಬುದನ್ನು ಡೆಮಾಕ್ರಟರು 2024ರಲ್ಲಿ ತೋರಿಸಿದರು. ಅರ್ಧ ಶತಮಾನದ ಅನುಭವದ ಬೈಡನ್ ಅವರಿಗೆ ಪ್ರೈಮರಿಯಲ್ಲಿ ಹೆಸರಿಗಷ್ಟೇ ಎದುರಾಳಿಗಳಿದ್ದರು. ಅವರಿಗೆ ಇನ್ನು ಆಗುವುದಿಲ್ಲ ಎಂಬುದು ಜೂನ್‌ನಲ್ಲಿ ಟ್ರಂಪ್ ಜೊತೆ ವಾಗ್ವಾದಕ್ಕೆ ನಿಂತಾಗ ಎಲ್ಲರಿಗೂ ಕಂಡಿತು. ಜುಲೈ 21ರಂದು ಅವರು ಹಿಂದೆ ಸರಿದರು. ಜಾಗಕ್ಕೆ ಬಂದ ಕಮಲಾ ಹ್ಯಾರಿಸ್ ಜಿಲ್ಲಾ ಸರ್ಕಾರಿ ವಕೀಲೆ, ಕ್ಯಾಲಿಫೋರ್ನಿಯದ ಅಟಾರ್ನಿ ಜನರಲ್, ಸೆನೆಟರ್, ಉಪಾಧ್ಯಕ್ಷೆ ಎಲ್ಲವೂ ಆಗಿದ್ದವರು. ಅನುಭವಕ್ಕೇನೂ ಕೊರತೆಯಿರಲಿಲ್ಲ. 2019ರ ಡಿಸೆಂಬರಿನಲ್ಲಿ, ಅಯೊವಾದ ಮತದಾನಕ್ಕೂ ಮೊದಲೇ ಕಣದಿಂದ ಹೊರಬಿದ್ದಿದ್ದ ಅವರನ್ನು ಈ ಸಲ ಪ್ರತಿನಿಧಿಗಳು ಒಂದೇ ಒಂದು ಪ್ರೈಮರಿಯಲ್ಲಿ ಮತ ಕೇಳದೆಯೇ ಅಭ್ಯರ್ಥಿ ಮಾಡಿದರು. ಸಿಕ್ಕಿದ್ದು 107 ದಿನ. ಬೈಡನ್‌ಗಿಂತ ನೀವು ಬೇರೆ ಏನು ಮಾಡುತ್ತಿದ್ದಿರಿ ಎಂದು ಅಕ್ಟೋಬರಿನಲ್ಲಿ ಟಿವಿಯಲ್ಲಿ ಕೇಳಿದಾಗ, ಏನೂ ತೋಚುತ್ತಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಒಬಾಮರಿಗಾದರೆ ಇಂಥ ಪ್ರಶ್ನೆಗಳನ್ನು ಅಯೊವಾದ ಶಾಲಾ ಜಿಮ್‌ಗಳಲ್ಲಿ, ನ್ಯೂ ಹ್ಯಾಂಪ್‌ಶೈರ್‌ನ ಹೋಟೆಲುಗಳಲ್ಲಿ ಒಂದು ವರ್ಷ ಮೊದಲೇ ಜನ ಕೇಳಿ ಸುಸ್ತು ಮಾಡಿದ್ದರು.